ಮೊದಲ ಸಲ ಗಾಳದ ರಾಡ್‌ಗೆ ಫಿನಿಷ್ ಹಚ್ಚಿದ್ದು

ರಾಡ್‌ಗೆ ಗೈಡ್, ಅಂದರೆ ಗಾಳದ ದಾರ ಹಾಯುವ ಬಳೆಗಳನ್ನು ಕಟ್ಟಿ ಮುಗಿಸುವಾಗ ಜುಲೈ ಬಂದಿತ್ತು. ಜುಲೈನಲ್ಲಿ ಕುಮಟಾ ಹೇಗಿರುತ್ತದೆ ಗೊತ್ತಲ್ವಾ, ಒಣಗಿಸಿದ ಬಟ್ಟೆಯೂ ಕೈಗೆ ತಣ್ಣಗೆ ಹತ್ತುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ತದಡಿ ಬಂದರಿನಲ್ಲಿ ಬೋಟುಗಳೆಲ್ಲ ಕಟ್ಟಿ ನಿಂತಿದ್ದವು. ಮಳೆ ಇಳಿದ ಮೇಲೆ ಅಘನಾಶಿನಿ ಅಳಿವೆಗೆ ನೊಗ್ಲಿ ಮೀನು ಹಿಡಿಯಲು ಹೋಗುವಾಗ ನಾನೇ ಮಾಡಿದ ರಾಡ್ ಕೈಯಲ್ಲಿರಬೇಕು ಅನ್ನುವುದು ಬಹಳ ದಿನದ ಆಸೆ.

ಏಳಡಿಯ ಕಪ್ಪು ಫೈಬರ್‌ಗ್ಲಾಸ್ ಬ್ಲ್ಯಾಂಕ್, ಅಂದರೆ ಏನೂ ಜೋಡಿಸದ ಬರೀ ಕೋಲು. ಗೈಡ್‌ಗಳಿಗೆ ಕೆಂಪು ನೈಲಾನ್ ದಾರ ಸುತ್ತಿ, ಅಂಚಿಗೆ ಹಳದಿ ಕೊಟ್ಟಿದ್ದೆ. ಆ ದಾರದ ಮೇಲೆ ಬರುವುದೇ ಫಿನಿಷ್. ರೆಸಿನ್ ಅನ್ನುವ ಅಂಟು, ಅದನ್ನು ಗಟ್ಟಿ ಮಾಡುವ ಹಾರ್ಡನರ್, ಎರಡನ್ನೂ ಬೆರೆಸಿ ಮಾಡುವ ಎಪಾಕ್ಸಿ ಇದು. ಸುಮ್ನೆ ಹೊಳಪಿಗಲ್ಲ. ದಾರದೊಳಗೆ ಇಳಿದು ಗೈಡ್‌ನ ಕಾಲನ್ನು ಹಿಡಿದಿಡುತ್ತದೆ, ಉಪ್ಪುನೀರನ್ನು ಹೊರಗೇ ತಡೆಯುತ್ತದೆ.

ಅಳತೆ ಸರಿಸಮ ಇರಬೇಕು. 3 ಮಿ.ಲೀ. ರೆಸಿನ್‌ಗೆ 3 ಮಿ.ಲೀ. ಹಾರ್ಡನರ್, ಎರಡಕ್ಕೂ ಬೇರೆ ಬೇರೆ ಸಿರಿಂಜ್. ಕೆಲವು ಸಿರಿಂಜಿನ ರಬ್ಬರಿಗೆ ಜಾರಲಿ ಅಂತ ಸಿಲಿಕೋನ್ ಹಚ್ಚಿರುತ್ತಾರೆ. ಅದು ಬೆರೆತರೆ ಫಿನಿಷ್ ಅಲ್ಲಲ್ಲಿ ಸರಿದು ಗುಳಿ ಬೀಳುತ್ತದೆ. ಸಿಲಿಕೋನ್ ಇಲ್ಲದ್ದನ್ನೇ ಹುಡುಕಿ ತಂದೆ. ಮೂರು ನಿಮಿಷ ನಿಧಾನಕ್ಕೆ ಕಲಸಿದೆ. ಮಜ್ಜಿಗೆ ಕಡೆದಂತೆ ಕಲಸಿದರೆ ಗುಳ್ಳೆ ತುಂಬಿಕೊಳ್ಳುತ್ತವೆ. ಆಮೇಲೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳ್ಳಗೆ ಸುರಿದೆ. ಕಲಸಿದ ಕಪ್‌ನಲ್ಲೇ ಬಿಟ್ಟರೆ ತನ್ನದೇ ಬಿಸಿಗೆ ಬೇಗ ಗಟ್ಟಿಯಾಗುತ್ತದೆ, ಹರಡಿದರೆ ಹಚ್ಚಲು ಸಮಯ ಸಿಗುತ್ತದೆ.

ಹಚ್ಚಿದ ಮೇಲೆ ರಾಡ್ ತಿರುಗುತ್ತಲೇ ಇರಬೇಕು, ಇಲ್ಲದಿದ್ದರೆ ಫಿನಿಷ್ ಕೆಳಗಿಳಿದು ತೊಟ್ಟಿಕ್ಕುತ್ತದೆ. ಕೆಟ್ಟ ಮೈಕ್ರೋವೇವ್ ಓವನ್‌ನಲ್ಲಿ ತಟ್ಟೆ ತಿರುಗಿಸುವ ಮೋಟಾರ್ ತೆಗೆದು ಜೋಡಿಸಿದ್ದೆ. ನಿಮಿಷಕ್ಕೆ ಐದಾರು ಸುತ್ತು, ಅಷ್ಟೇ ಸಾಕು.

ಮೊದಲ ದಿನ ಎರಡು ತಪ್ಪು ಮಾಡಿದೆ. ಒಂದೇ ಸಲಕ್ಕೆ ಮುಗಿಯಲಿ ಅಂತ ದಪ್ಪ ಹಚ್ಚಿದೆ. ಹೊರಗೆ ಮಳೆ ಹೊಯ್ಯುತ್ತಿದ್ದರೂ ಕಿಟಕಿ ತೆರೆದೇ ಇಟ್ಟಿದ್ದೆ. ಅರ್ಧ ಗಂಟೆಗೆ ಕರೆಂಟ್ ಹೋಯಿತು. ಟಾರ್ಚ್ ಬೆಳಕಲ್ಲಿ ರಾತ್ರಿ ಒಂದೂವರೆವರೆಗೆ ಕೈಯಲ್ಲೇ ತಿರುಗಿಸಿದೆ. ಆದರೂ ಎರಡು ಗೈಡ್‌ಗಳ ಅಡಿಯಲ್ಲಿ ಫಿನಿಷ್ ಹೊಟ್ಟೆ ಬಂದಂತೆ ಜೋತಿತ್ತು. ಬೆಳಿಗ್ಗೆ ಮುಟ್ಟಿದರೆ ಮೇಲೆಲ್ಲ ಬೆಣ್ಣೆ ಸವರಿದ ಹಾಗೆ ಜಿಡ್ಡು. ಹಾರ್ಡನರ್ ಗಾಳಿಯ ತೇವದ ಜೊತೆ ಸೇರಿ ಹೀಗಾಗುತ್ತದೆ. ತುಂಬಾ ಬೇಜಾರಾಯಿತು.

ಪಕ್ಕದ ಮನೆ ಅಜ್ಜ ಮರದ ದೋಣಿಗಳಿಗೆ ಗೇರೆಣ್ಣೆ ಹಚ್ಚಿದವರು. ರಾಡ್ ಕೈಗೆ ತಗೊಂಡು, ಹೆಬ್ಬೆರಳಲ್ಲಿ ಸವರಿ ಹೇಳಿದರು: "ತಮಾ, ಹೊಳವು ನೋಡ್ಕಂಡು ಹಚ್ಚು. ತೆಳ್ಳಗೆ ಹಚ್ಚು, ಎರಡು ಸಲ ಹಚ್ಚು." ಹೊಳವು ಅಂದರೆ ಮಳೆ ಬಿಟ್ಟು ಬಿಸಿಲು ಬರುವ ಹೊತ್ತು. ಅವರಿಗೆ ಎಪಾಕ್ಸಿ ಗೊತ್ತಿಲ್ಲ. ಆದರೆ ನಮ್ಮ ಕರಾವಳಿಯ ತೇವ ಅವರಿಗೆ ಗೊತ್ತಿದ್ದಷ್ಟು ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ.

ಸೋಪು ನೀರಲ್ಲಿ ಒರೆಸಿದಾಗ ಜಿಡ್ಡು ಹೋಯಿತು. ಉಬ್ಬನ್ನು ಬ್ಲೇಡಿನಿಂದ ಹುಷಾರಾಗಿ ಕೆತ್ತಿದೆ, ದಾರಕ್ಕೆ ತಾಗಿದರೆ ಕಟ್ಟಿದ್ದೆಲ್ಲ ಬಿಚ್ಚಬೇಕು. ಆಮೇಲೆ ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿದೆ. ನಾಲ್ಕನೇ ದಿನ ಹೊಳವಾಯಿತು. ಆದರೂ ಕಿಟಕಿ ಮುಚ್ಚಿ, ಬೆಳಿಗ್ಗೆಯಿಂದ 100 ವ್ಯಾಟ್‌ನ ಹಳೇ ಬಲ್ಬ್ ಉರಿಸಿ ಕೋಣೆ ಬೆಚ್ಚಗೆ ಮಾಡಿದೆ. ರೆಸಿನ್ ಬಾಟಲಿಯನ್ನು ಉಗುರುಬೆಚ್ಚಗಿನ ನೀರಲ್ಲಿ ಇಟ್ಟಿದ್ದಕ್ಕೆ ನೀರಿನಂತೆ ಹರಿಯಿತು. ಬ್ರಷ್‌ನಲ್ಲಿ ತೆಳ್ಳಗೆ ಎಳೆದು, ಸ್ಪಿರಿಟ್ ದೀಪವನ್ನು ಒಂದು ಕ್ಷಣ ಅಡಿಯಲ್ಲಿ ಹಾಯಿಸಿದೆ. ಗುಳ್ಳೆಗಳು ಮೇಲೆದ್ದು ಒಂದೊಂದೇ ಒಡೆದವು. ದಾರದ ಎಳೆ ಎಳೆ ಗಾಜಿನೊಳಗೆ ಇಟ್ಟಂತೆ ಕಂಡಿತು. ಅದನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ.

ಹಳದಿ ಅಂಚು ಮಾತ್ರ ಉಳಿಯಲಿಲ್ಲ. ಎಪಾಕ್ಸಿ ಹೀರಿದ ನೈಲಾನ್ ಪಾರದರ್ಶಕವಾಗುತ್ತದೆ, ಹಿಂದಿನ ಕಪ್ಪು ಇಣುಕಿ ಅದು ಕೆಸರಿನ ಬಣ್ಣಕ್ಕೆ ತಿರುಗಿತು. ಬಣ್ಣ ಹಿಡಿದಿಡುವ ದ್ರವವನ್ನು ಮೊದಲೇ ದಾರಕ್ಕೆ ಕುಡಿಸಿ ಒಣಗಿಸಬೇಕಿತ್ತು. ಈಗ ಅಳಿಯನಿಗೆ ಅಂತ ಇನ್ನೊಂದು ರಾಡ್ ಕಟ್ಟಿದ್ದೇನೆ, ಅವನಿಗೂ ಹಳದಿಯೇ ಬೇಕಂತೆ. ಅದರ ದಾರಕ್ಕೆ ನಿನ್ನೆ ಆ ದ್ರವ ಹಚ್ಚಿ, ಅಟ್ಟದ ಮೆಟ್ಟಿಲ ಬಳಿ ಒಣಗಲು ಇಟ್ಟಿದ್ದೇನೆ.