ಮನಿ ತುಂಬ ಮಂದಿ ಇದ್ರೂ ಅರ್ಧ ತಾಸು ಶಾಂತ ಕೂಡೋದು ಹ್ಯಾಂಗ
ಕಲಬುರಗಿಯಾಗ ನಮ್ಮನ್ಯಾಗ ಒಂಬತ್ತು ಮಂದಿ ಇದ್ದೀವ್ರಿ, ಅತ್ತಿ ಮಾವ, ನಾವಿಬ್ರು, ಮೈದುನ ನೆಗೆಣ್ಣಿ, ಮೂರು ಹುಡುಗ್ರು, ಬಂದು ಹೋಗೋರು ಬ್ಯಾರೆ. ಹುಡುಗ್ರಿಗೆ ಸುಮ್ನಿರ್ರಿ ಅಂತ ಒದರಿದ್ರ ಗದ್ದಲ ಕಮ್ಮಿ ಆಗಂಗಿಲ್ಲ, ಅದರಾಗ ಇನ್ನೊಂದು ದನಿ ಕೂಡ್ತದ ಅಷ್ಟೇ.

ಮೊದ್ಲು ಒಂದು ವಾರ ಮನಿ ಟೈಮ್ ನೋಡ್ರಿ. ಯಾರು ಎಷ್ಟಕ್ಕ ಏಳ್ತಾರ, ನಳ ಯಾವಾಗ ಬರ್ತದ, ಸಾಲಿ ಆಟೋ ಎಷ್ಟಕ್ಕ, ಸೀರಿಯಲ್ ಯಾವಾಗ ಶುರು, ಎಲ್ಲಾ ಕ್ಯಾಲೆಂಡರ್ ಹಿಂದ ಬರ್ಕೊಳ್ರಿ. ನನಗ ಹಂಗ ಸಿಕ್ಕಿದ್ದು ಎರಡು ಸಂದು, ಮುಂಜಾನಿ 5ರಿಂದ 5:40, ಮಧ್ಯಾಹ್ನ ಊಟ ಆದಮ್ಯಾಲ ಒಂದು ತಾಸು.

ಮುಂಜಾನಿದು ಉಳೀಬೇಕಂದ್ರ ರಾತ್ರಿನೇ ತಯಾರಿ ಮಾಡ್ರಿ. ಚಾಪುಡಿ, ಸಕ್ಕರಿ, ಕಪ್ಪು, ಬೋಗಾಣಿ ಎಲ್ಲಾ ಹೊರಗ ತಗದಿಡ್ರಿ, ಯಾಕಂದ್ರ ಭಾಂಡೆ ಸಪ್ಪಳಕ್ಕ ಅತ್ತಿ ಎದ್ದೇ ಏಳ್ತಾರ. ಹಿತ್ತಲ ಬಾಗಿಲ ಚಿಲಕಕ್ಕ ಎರಡು ಹನಿ ಎಣ್ಣಿ ಬಿಡ್ರಿ. ಫೋನ್ ಒಳಗೇ ಇರ್ಲಿ. ನೆಲಕ್ಕ ಹಾಸಿದ ಶಾಬಾದ ಕಲ್ಲಿನ ಪರಸಿ ರಾತ್ರಿಯೆಲ್ಲಾ ಆರಿ ತಣ್ಣಗಿರ್ತದ, ಅದರ ಮ್ಯಾಲ ಕಾಲು ಚಾಚಿ ಗ್ವಾಡಿಗೆ ಒರಗಿ ಕೂತ್ರ ಆ ತಂಪು ಹಿಮ್ಮಡಿಯಿಂದ ಮ್ಯಾಲ ಏರ್ತದ, ಕೈಯಾಗ ಬಿಸಿ ಚಾ, ಯಾರೂ ಕರಿಯೋರಿಲ್ಲ.

ಇನ್ನೊಂದು, ರೊಟ್ಟಿ ಬಡಿಯೋ ಹೊತ್ತು. ಕೆಲಸ ಅಂತ ಅದನ್ನ ಬಿಡಬ್ಯಾಡ್ರಿ. ಕುದಿಯೋ ನೀರು ಹಾಕಿ ಜ್ವಾಳದ ಹಿಟ್ಟು ನಾದಿ, ಟಪ ಟಪ ಬಡದು, ಹಂಚಿನ ಮ್ಯಾಲ ಹಾಕಿ ಹಸಿ ಅರಿವಿಲೆ ನೀರು ಸವರಿ, ಇಷ್ಟರಾಗ ಕೈ ತಾನೇ ನಡೀತಿರ್ತದ, ಒಲಿ ಝಳಕ್ಕ ಯಾರೂ ಹತ್ರ ಬರಂಗಿಲ್ಲ, ಮನಸು ಅಷ್ಟು ಹಗುರ ಆಗ್ತದ. ಆವಾಗ ರೇಡಿಯೋ ಸೈತ ಹಚ್ಚಬ್ಯಾಡ್ರಿ.

ಬ್ಯಾಸಿಗ್ಯಾಗ ಲೆಕ್ಕ ಬದಲಾಗ್ತದ. ಏಪ್ರಿಲ್, ಮೇದಾಗ ನಮ್ಮ ಕಡಿ ಸರಕಾರಿ ಆಫೀಸು ಮುಂಜಾನಿ 8ರಿಂದ ಮಧ್ಯಾಹ್ನ 1:30, ಮನಿಯವ್ರು ಊಟಕ್ಕೇ ಬಂದುಬಿಡ್ತಾರ, ಹುಡುಗ್ರಿಗೂ ಸೂಟಿ, ಎಲ್ಲಾರೂ ಒಂದೇ ಕೂಲರ್ ಮುಂದ. ಮಧ್ಯಾಹ್ನದ ಆಸೆ ಬಿಡ್ರಿ. ಆದ್ರ ರಾತ್ರಿ ಎಲ್ಲಾರೂ ಮಾಳಿಗಿ ಮ್ಯಾಲ ಮಲಗಿರ್ತಾರಲ್ಲ, ನಸುಕಿನ್ಯಾಗ ಇಳದು ಬಂದ್ರ ಕೆಳಗ ಪಡಸಾಲಿ ಪೂರಾ ಖಾಲಿ.

ಕದ್ದು ಕೂಡಬ್ಯಾಡ್ರಿ, ಹೇಳಿ ಕೂಡ್ರಿ. ಹೇಳದೆ ಕೂತಾಗ ಅತ್ತಿ, "ಯಾಕವ್ವಾ ಒಬ್ಬಾಕಿನೇ ಕೂತೀದಿ, ಯಾರರ ಏನರ ಅಂದ್ರೇನು?" ಅಂತ ಗಾಬರಿ ಆಗಿದ್ರು, ಪಾಪ. "ಏನಿಲ್ರಿ ಅತ್ತಿ, ಸುಮ್ನ ಕೂತೀನ್ರಿ, ದಿನಾ ಇಷ್ಟೊತ್ತು ಕೂಡ್ತೀನಿ" ಅಂದಮ್ಯಾಲ ಮತ್ತ ಕೇಳಲಿಲ್ಲ. ನೆಗೆಣ್ಣಿ ಇದ್ರ ಪಾಳಿ ಹಚ್ಚಿಕೊಳ್ರಿ, ಆಕಿಗೂ ಬೇಕಾಗಿರ್ತದ. ಬುಧವಾರ ಸಂಜಿ ನಾ ಹುಡುಗ್ರನ್ನ ನೋಡ್ತೀನಿ, ಶುಕ್ರವಾರ ಆಕಿ.

ನನ್ನ ಶುಕ್ರವಾರ ನಾ ಸೇಡಂ ರಸ್ತೆ ಬುದ್ಧ ವಿಹಾರಕ್ಕ ಹೋಗ್ತೀನ್ರಿ, 2009ರಾಗ ಉದ್ಘಾಟನೆ ಆದದ್ದು, ಧ್ಯಾನಕ್ಕಂತನೇ ಜಾಗ ಅದ. ರವಿವಾರ ಮಂದಿ ಜಾಸ್ತಿ, ಬ್ಯಾರೆ ದಿನ ನೋಡ್ರಿ, ಅದೂ ಬಿಸಲು ಇಳದಮ್ಯಾಲ, ಇಲ್ಲಂದ್ರ ಬರಿಗಾಲಿಗೆ ಕಲ್ಲು ಸುಡ್ತಾವ.