ಹೊಸ ಮ್ಯಾಗ್ ವೀಲ್‌ಗೆ ಗೀರು ಬಿದ್ದರೆ ಅಂಗಡಿಯಿಂದ ಹಾಗೇ ಹೊರಡಬೇಡಿ

ಟೈರ್ ಅಂಗಡಿಯಲ್ಲಿ ಹೊಸ ಮ್ಯಾಗ್ ವೀಲ್, ಅಂದ್ರೆ ಅಲ್ಯೂಮಿನಿಯಂ ಮಿಶ್ರಲೋಹದ ಅಲಾಯ್ ವೀಲ್, ಹಾಳಾಯಿತು ಅಂದ್ರೆ ಮೊದಲು ಮಷಿನ್ ನಿಲ್ಲಿಸಿ. ಮಾತುಕತೆ ಆಮೇಲೆ. ಗಾಡಿ ಗೇಟು ದಾಟಿದ ಮೇಲೆ ಆ ಗೀರು ಅಲ್ಲೇ ಬಿತ್ತು ಅಂತ ತೋರಿಸಿಕೊಡುವುದು ಬಹಳ ಕಷ್ಟ.

ನಾನಿರುವುದು ಪುಣೆಯ ಚಿಂಚವಾಡದಲ್ಲಿ. ಪುಣೆಯಲ್ಲೇ ನಾನಾ ಪೇಠೆ ಅನ್ನುವ ಜಾಗದಲ್ಲಿ 16 ಇಂಚಿನ ಡೈಮಂಡ್ ಕಟ್ ಮ್ಯಾಗ್ ವೀಲ್ ಕೊಂಡು, ಟೈರ್ ಹಾಕಿಸಲು ಹೆದ್ದಾರಿ ಪಕ್ಕದ ಒಂದು ದೊಡ್ಡ ಅಂಗಡಿಗೆ ಹೋದೆ. ಡಬ್ಬಿ ಬಿಚ್ಚಿದ್ದು ಅವರ ಕೌಂಟರ್ ಮುಂದೆಯೇ. ನಾಲ್ಕೂ ವೀಲ್‌ಗಳ ಅಂಚು ಸುತ್ತ ಕಾಣುವ ಹಾಗೆ ಅಲ್ಲೇ ಫೋಟೋ ತೆಗೆದೆ. ಕೊನೆಗೆ ಕೈ ಹಿಡಿದದ್ದು ಇದೇ ಫೋಟೋ.

ಟೈರ್ ಹಾಕುವ ಮಷಿನ್‌ನ ತೋಳಿನ ತುದಿಯಲ್ಲಿ ಬಾತುಕೋಳಿ ಕೊಕ್ಕಿನಂಥ ಒಂದು ತುಂಡು ಇರುತ್ತದೆ. ಅದು ರಿಮ್ಮಿನ ಅಂಚಿಗೆ ತಾಗಿಯೂ ತಾಗದಂತೆ ನಿಂತು, ಟೈರ್‌ನ ಬೀಡನ್ನು, ಅಂದ್ರೆ ರಿಮ್ಮಿಗೆ ಕೂರುವ ಗಟ್ಟಿ ಒಳ ಅಂಚನ್ನು, ಒಳಗೆ ಜಾರಿಸುತ್ತದೆ. ಅಲಾಯ್ ವೀಲ್ ಆದರೆ ಆ ಕೊಕ್ಕಿಗೆ ಪ್ಲಾಸ್ಟಿಕ್ ಹೊದಿಕೆ ಬೇಕೇ ಬೇಕು. ಸವೆದಾಗ ಬದಲಿಸಬೇಕು. ಇಲ್ಲಿ ಅದು ಪೂರ್ತಿ ಸವೆದು ಒಳಗಿನ ಉಕ್ಕು ಹೊಳೆಯುತ್ತಿತ್ತು. ಎರಡನೇ ವೀಲ್ ತಿರುಗುವಾಗ ಕರ್ರ್ ಅಂತ ಸದ್ದು ಬಂತು. ನಿಲ್ಲಿಸಿ ಅಂದೆ. ಹತ್ತಿರ ಹೋಗಿ ನೋಡಿದರೆ ಅಂಚಿನ ಉದ್ದಕ್ಕೂ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಮೊದಲು ಮುಗಿಸಿದ್ದ ವೀಲ್‌ನಲ್ಲೂ ಅದೇ ಜಾಗಕ್ಕೆ ಅದೇ ಗೀರು. ಎರಡೂ ವೀಲ್, ಆ ಸವೆದ ಕೊಕ್ಕು, ಅಂಗಡಿಯ ಬೋರ್ಡು, ಎಲ್ಲದರ ಫೋಟೋ ತೆಗೆದೆ.

ಮಷಿನ್ ಮೇಲಿದ್ದ ಹುಡುಗ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡಿದ್ದ. ಹತ್ತಿರ ಬಂದು, "ಸಾಹೇಬ್ರ, ಮಾಲೀಕರಿಗಿ ಹೇಳಬ್ಯಾಡ್ರಿ, ನನ್ನ ಪಗಾರದಾಗ ಹಿಡೀತಾರ" ಅಂದ. ನನಗೆ ಕರುಳು ಚುರುಕ್ ಅಂತು. "ತಮ್ಮಾ, ಸವೆದ ಮಷಿನ್ ಕೊಟ್ಟವರು ಅವರು. ನಿನ್ನ ಹೆಸರು ತರೋದಿಲ್ಲ" ಅಂದೆ. ಇಂಥ ಜಾಗದಲ್ಲಿ ಹುಡುಗರ ಮೇಲೆ ಕೂಗಾಡುವವರೇ ಜಾಸ್ತಿ. ಅದು ಅನ್ಯಾಯ. ಆ ತುಂಡು ಬದಲಿಸಬೇಕಾದವರು ಮಾಲೀಕರು, ಮಾತು ಅವರ ಜೊತೆಗೇ ಆಗಬೇಕು.

ಮಾಲೀಕರು ಮೊದಲು "ಇದು ಮುಂಚೆಯೇ ಇತ್ತು" ಅಂದರು. ಫೋಟೋ ತೋರಿಸಿದೆ. ಆಮೇಲೆ ಬಣ್ಣ ಹಚ್ಚಿ ಕೊಡ್ತೀವಿ ಅಂದರು. ಇದಕ್ಕೆ ಒಪ್ಪಲೇಬೇಡಿ. ಡೈಮಂಡ್ ಕಟ್ ವೀಲ್‌ನ ಮುಖದಲ್ಲಿ ಹೊಳೆಯುವುದು ಬಣ್ಣವಲ್ಲ, ಲೇತ್‌ನಲ್ಲಿ (ಲೋಹವನ್ನು ತಿರುಗಿಸಿ ಕಡಿಯುವ ಯಂತ್ರ) ಕಡಿದ ಅಲ್ಯೂಮಿನಿಯಂ. ಮೇಲೆ ಲ್ಯಾಕರ್ ಅನ್ನುವ ಪಾರದರ್ಶಕ ಲೇಪ ಇರುತ್ತದೆ. ಅದು ಸೀಳಿದರೆ ಮಳೆಗಾಲದಲ್ಲಿ ನೀರು ಒಳಗೆ ಸೇರಿ, ಬಿಳಿ ಬೂಸ್ಟಿನ ಹಾಗೆ ತುಕ್ಕು ಹರಡುತ್ತಾ ಹೋಗುತ್ತದೆ. ಸರಿಯಾದ ರಿಪೇರಿ ಅಂದ್ರೆ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ನಡೆಸುವ ಲೇತ್‌ನಲ್ಲಿ ತೆಳುವಾಗಿ ಮತ್ತೆ ಕಡಿದು ಹೊಸ ಲ್ಯಾಕರ್ ಹೊಡೆಯುವುದು. ಪ್ರತಿ ಸಲ ಲೋಹ ಸ್ವಲ್ಪ ಹೋಗುವುದರಿಂದ ಅದನ್ನೂ ಮತ್ತೆ ಮತ್ತೆ ಮಾಡಿಸಲು ಆಗುವುದಿಲ್ಲ. ಆದ್ದರಿಂದ ನಾನು ಕೇಳಿದ್ದು ಎರಡರಲ್ಲಿ ಒಂದು: ಅದೇ ಮಾಡೆಲ್‌ನ ಹೊಸ ವೀಲ್, ಇಲ್ಲವೇ ಅವರ ಖರ್ಚಿನಲ್ಲಿ ಲೇತ್ ಕೆಲಸ. ಅದರ ಬದಲು ಬ್ಯಾಲೆನ್ಸಿಂಗ್ (ವೀಲ್‌ನ ತೂಕ ಸಮ ಮಾಡುವುದು) ಪುಕ್ಕಟೆ ಅಂದರು, ಬೇಡ ಅಂದೆ.

ಕೊನೆಗೆ ಗೋಡೆಯ ಬೋರ್ಡು ತೋರಿಸಿದರು: ಹಾನಿಯಾದರೆ ಅಂಗಡಿ ಜವಾಬ್ದಾರಿಯಲ್ಲ. ಇಂಥ ಬೋರ್ಡಿಗೆ ಹೆದರಬೇಡಿ. ದೆಹಲಿಯ ಹೋಟೆಲೊಂದರಲ್ಲಿ ಪಾರ್ಕಿಂಗಿಗೆ ಕೊಟ್ಟ ಕಾರು ಕಳುವಾದ ಪ್ರಕರಣದಲ್ಲಿ, ಚೀಟಿಯಲ್ಲಿ 'ಕಾರಿನ ಮಾಲೀಕರದ್ದೇ ಹೊಣೆ' ಅಂತ ಬರೆದಿದ್ದರೂ ಹೋಟೆಲ್ ತನ್ನ ನಿರ್ಲಕ್ಷ್ಯದ ಹೊಣೆಯಿಂದ ನುಣುಚಿಕೊಳ್ಳಲು ಆಗದು ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ನಾನು ಇದನ್ನು ದನಿ ಏರಿಸದೆ ಹೇಳಿ, ಪಕ್ಕಾ ಬಿಲ್ ತೆಗೆದುಕೊಂಡು, ಅದರ ಹಿಂದೆ "ಎರಡು ವೀಲ್ ಅಂಚಿಗೆ ಗೀರು, ನಮ್ಮ ಮಷಿನ್‌ನಲ್ಲಿ" ಅಂತ ಬರೆಸಿ ಸಹಿ, ಸೀಲು ಹಾಕಿಸಿದೆ. ಹಳೇ ವೀಲ್‌ಗಳ ಮೇಲೆಯೇ ಮನೆಗೆ ಬಂದೆ.

ಆಮೇಲೆ ಅವರು ಫೋನ್ ಎತ್ತುವುದನ್ನೇ ಬಿಟ್ಟರು. ಫೋಟೋ, ಬಿಲ್ ನಕಲು ಸೇರಿಸಿ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿದೆ. ವಕೀಲರೇ ಬರೆಯಬೇಕು ಅಂತೇನಿಲ್ಲ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದ್ದೇ ಇತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾವು ಇರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಅದಕ್ಕೆ 2 ವರ್ಷದ ಗಡುವು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮಾಲೀಕರೇ ಫೋನ್ ಮಾಡಿ, ಭೋಸರಿಯಲ್ಲಿ ಲೇತ್ ಕೆಲಸ ಮಾಡಿಸಿಕೊಡಲು ಒಪ್ಪಿದರು. ಹುಡುಗನ ಪಗಾರ ಮುಟ್ಟಬಾರದು ಅಂತಲೂ ಕೇಳಿದೆ. ಆಯಿತು ಅಂದರು. ಮುಟ್ಟಿಲ್ಲ ಅಂತ ಆಮೇಲೆ ಹುಡುಗನೇ ಹೇಳಿದ.

ವೀಲ್ ವಾಪಸು ಬಂದಾಗ ಟೈರ್ ಇಲ್ಲದೆಯೇ ಬ್ಯಾಲೆನ್ಸಿಂಗ್ ಮಷಿನ್ ಮೇಲೆ ತಿರುಗಿಸಲು ಹೇಳಿದೆ, ಓಲಾಟ ಇದೆಯಾ ನೋಡಲು. ಇರಲಿಲ್ಲ. ಮಷಿನ್‌ಗೆ ಹೊಸ ಪ್ಲಾಸ್ಟಿಕ್ ತುಂಡು ಹಾಕಿದ್ದನ್ನು ಕೈಯಲ್ಲಿ ಮುಟ್ಟಿ ನೋಡಿಯೇ ಟೈರ್ ಹಾಕಿಸಿದೆ. ಟ್ಯೂಬ್‌ಲೆಸ್ ಟೈರ್‌ನಲ್ಲಿ ಗಾಳಿ ನಿಲ್ಲುವುದು ಬೀಡು ರಿಮ್ಮಿಗೆ ಕೂರುವ ಜಾಗದಲ್ಲಿ. ಅಲ್ಲಿ ಸೋಪಿನ ನೀರು ಸುರಿಸಿದೆವು. ಗುಳ್ಳೆ ಏಳಲಿಲ್ಲ. ಆಮೇಲೆ ಅದೇ ಬಿಲ್ಲಿನ ಹಿಂದೆ ಕೆಲಸ ಮುಗಿದಿದೆ ಅಂತ ಬರೆದು ಸಹಿ ಹಾಕಿ, ದೂರು ವಾಪಸು ತೆಗೆದುಕೊಂಡೆ.