ಯೊಸೆಮಿಟಿ ಜಲಪಾತಕ್ಕೆ ಹೋಗೋದಾದರೆ ಮೇ ತಿಂಗಳಲ್ಲೇ ಹೋಗಿ

ಮೊದಲ ಸಲ ಅಮ್ಮನನ್ನು ಕರೆದುಕೊಂಡು ಯೊಸೆಮಿಟಿಗೆ ಹೋಗಿದ್ದು ಆಗಸ್ಟ್ ಕೊನೆಯಲ್ಲಿ. ಜೋಗ ನೋಡಿ ಬೆಳೆದವಳಲ್ವಾ, ಆಗಸ್ಟ್ ಅಂದರೆ ತುಂಬಿದ ನೀರು ಅಂತಲೇ ನನ್ನ ಲೆಕ್ಕ. ಅಲ್ಲಿ ನೋಡಿದರೆ ಬಂಡೆಯ ಮೇಲೆ ಉದ್ದಕ್ಕೆ ಒಂದು ಕಪ್ಪು ಕಲೆ, ಅಷ್ಟೇ. ಅಮ್ಮ ಕತ್ತೆತ್ತಿ ನೋಡಿ, "ಯಾರೋ ನಲ್ಲಿ ನಿಲ್ಲಿಸಿದ್ದಾರೆ ಕಣೇ" ಅಂದಳು.

ಕ್ಯಾಲಿಫೋರ್ನಿಯಾದ ಈ ಜಲಪಾತಕ್ಕೆ ನೀರು ಬರುವುದು ಮುಖ್ಯವಾಗಿ ಬೆಟ್ಟದ ಹಿಮ ಕರಗಿ. ಮೇ, ಜೂನ್‌ನಲ್ಲಿ ಭೋರ್ಗರೆತ. ಆಗಸ್ಟ್ ಹೊತ್ತಿಗೆ ಹಲವು ವರ್ಷ ಒಣಗಿಯೇ ಹೋಗುತ್ತದೆ. ಒಟ್ಟು ಎತ್ತರ 739 ಮೀಟರ್, ಹತ್ತಿರಹತ್ತಿರ ಮೂರು ಜೋಗ. ಮೇಲೊಂದು, ನಡುವೆ ಒಂದಷ್ಟು ಸಣ್ಣ ಧುಮುಕು, ಕೆಳಗೊಂದು.

ಮುಂದಿನ ವರ್ಷ ಮೇನಲ್ಲಿ ಮತ್ತೆ ಹೋದೆವು. ಬೆಳಿಗ್ಗೆ ಬೇಗ ಹೋಗಿ, ಕಾರು ಒಂದು ಕಡೆ ನಿಲ್ಲಿಸಿ, ಉಚಿತ ಶಟಲ್ ಬಸ್ ಹತ್ತಿಬಿಡಿ. ಪಾರ್ಕಿಂಗ್ ಹುಡುಕುತ್ತಾ ಸುತ್ತುವ ಗೋಳು ಬೇಡ.

ಕೆಳಗಿನ ಜಲಪಾತದ ದಾರಿ ಸುತ್ತಿ ಬಂದರೆ ಸುಮಾರು 1.6 ಕಿ.ಮೀ. ವಯಸ್ಸಾದವರೂ ಆರಾಮಾಗಿ ನಡೆಯಬಹುದು. ಪಶ್ಚಿಮದ ಕಡೆಯಿಂದ ಶುರು ಮಾಡಿ. ಮರಗಳ ನಡುವೆ ಮೇಲಿನದೂ ಕೆಳಗಿನದೂ ಒಂದೇ ಗೆರೆಯಲ್ಲಿ ಕಾಣುತ್ತವೆ. ಕೊನೆಗೊಂದು ಸೇತುವೆ. ಅಮ್ಮ ಅಲ್ಲಿ ಕೊಡೆ ಬಿಚ್ಚಿದಳು. ಗಾಳಿಗೆ ಅದು ಬಾಣಲೆಯ ಹಾಗೆ ಮೇಲ್ಮುಖ ಆಯಿತು. ಸೆರಗಲ್ಲಿ ಕನ್ನಡಕ ಒರೆಸೋಣವೆಂದರೆ ಸೆರಗೂ ಒದ್ದೆ! ರೇನ್‌ಕೋಟ್ ಒಯ್ಯಿರಿ. ಸೇತುವೆ ಬಿಟ್ಟು ಬಂಡೆಗಳ ಮೇಲೆ ಮಾತ್ರ ಹತ್ತಬೇಡಿ, ಸಿಕ್ಕಾಪಟ್ಟೆ ಜಾರುತ್ತವೆ.

ಮೇಲಿನ ಜಲಪಾತದ ನೆತ್ತಿಗೆ ಹೋಗುವ ದಾರಿಯೇ ಬೇರೆ. ಡೇರೆ ಹಾಕಿ ತಂಗುವ ಜಾಗ ಕ್ಯಾಂಪ್ 4ರ ಹತ್ತಿರ ಶುರುವಾಗುತ್ತದೆ. ಹೋಗಿ ಬರಲು ಸುಮಾರು 11.6 ಕಿ.ಮೀ., 823 ಮೀಟರ್ ಏರು, ಆರರಿಂದ ಎಂಟು ಗಂಟೆ. ನಾನು ಪೂರ್ತಿ ಹತ್ತಲಿಲ್ಲ, ಬೇಜಾರೂ ಇಲ್ಲ. 1.6 ಕಿ.ಮೀ. ಹತ್ತಿದರೆ ಕೊಲಂಬಿಯಾ ರಾಕ್ ಸಿಗುತ್ತದೆ, ಕಣಿವೆಯೆಲ್ಲ ಕಾಣುತ್ತದೆ. ಹಲವರು ಅಲ್ಲಿಂದಲೇ ತಿರುಗುತ್ತಾರೆ. ನೀವು ಇನ್ನೊಂದು ಮುಕ್ಕಾಲು ಕಿ.ಮೀ. ಹೋಗಿ, ಮೇಲಿನ ಜಲಪಾತ ಇದ್ದಕ್ಕಿದ್ದಂತೆ ಎದುರಿಗೇ ಬಂದು ನಿಲ್ಲುತ್ತದೆ. ಕಷ್ಟ ಇಳಿಯುವಾಗ. ಬಂಡೆಯ ಮೇಲೆ ಸಕ್ಕರೆಯಂಥ ಮರಳು, ಕಾಲಿಟ್ಟರೆ ಸರ್ರನೆ ಜಾರುತ್ತದೆ. ಹಿಡಿತವಿರುವ ಶೂ ಬೇಕೇ ಬೇಕು.

ಕರಡಿಗಳಿವೆ. ರಾತ್ರಿ ಕಾರಿನಲ್ಲಿ ತಿಂಡಿ ಬಿಡಬೇಡಿ, ಟೂತ್‌ಪೇಸ್ಟ್ ಕೂಡ. ಎಲ್ಲಾ ಅದಕ್ಕೆಂದೇ ಅಲ್ಲಿಟ್ಟಿರುವ ಕಬ್ಬಿಣದ ಪೆಟ್ಟಿಗೆಗೆ.

ಹುಣ್ಣಿಮೆ ಸಿಕ್ಕಿದರೆ ಟಾರ್ಚ್ ಹಿಡಿದು ರಾತ್ರಿ ಅದೇ ಸೇತುವೆಗೆ ಹೋಗಿ. ಬೆಳದಿಂಗಳಿಗೆ ತುಂತುರಿನಲ್ಲಿ ಕಾಮನಬಿಲ್ಲು ಮೂಡುತ್ತದೆ. ಬರಿಗಣ್ಣಿಗೆ ಬೆಳ್ಳಗೆ, ಬೂದಿಯಲ್ಲಿ ಗೀಚಿದ ಹಾಗೆ. ಅಮ್ಮನಿಗೆ ನನಗಿಂತ ಮೊದಲು ಕಂಡಿತು.